ಯುದ್ಧದ ಊರಿಗೆ ಧೈರ್ಯ ತೆಗೆದುಕೊಂಡು ಹೋಗಬೇಡಿ, ಪಂಪು ರಿಪೇರಿ ಕಲಿತು ಹೋಗಿ

ಕುಂಬಳೆಯವರು, ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯೂ ಆಗಿದೆ, ಗಾಝಾ, ಸೂಡಾನ್ ಸುದ್ದಿ ನೋಡಿ ನಿದ್ದೆ ಬರುವುದಿಲ್ಲ, ಅಂಥ ಕಡೆ ಸೇವೆಗೆ ಹೋಗಲು ಯಾವ ಕೋರ್ಸ್ ಮಾಡಬೇಕು, ಎಷ್ಟು ಧೈರ್ಯ ಬೇಕು ಅಂತ ಕೇಳಿದ್ದೀರಿ. ಕೋರ್ಸ್ ಆಮೇಲೆ. ನಾನೂ ಕಾಸರಗೋಡಿನವನೇ, ಪೆರ್ಲದ ಕಡೆಯವನು. ನಾನು ಯುದ್ಧದ ಊರಿನ ಪರಿಹಾರ ಕೆಲಸಕ್ಕೆ ಸೇರಿದ್ದು ಸೇವೆಗೂ ಅಲ್ಲ, ಧೈರ್ಯದಿಂದಲೂ ಅಲ್ಲ. ನನ್ನ ಪಾಸ್‌ಪೋರ್ಟ್ ಹೋಟೆಲ್ ಮಾಲೀಕರ ಲಾಕರಿನಲ್ಲಿತ್ತು, ಅಷ್ಟೇ.

ಊರಲ್ಲಿ ಅಡಿಕೆ ತೋಟಗಳ ಪಂಪ್‌ಸೆಟ್ ರಿಪೇರಿ, ಮೋಟಾರ್ ವೈಂಡಿಂಗ್ ಮಾಡಿಕೊಂಡಿದ್ದೆ. ದಕ್ಷಿಣ ಸೂಡಾನ್ ಹೊಸ ದೇಶ ಆದದ್ದು 2011ರ ಜುಲೈಯಲ್ಲಿ. ರಾಜಧಾನಿ ಜೂಬಾದಲ್ಲಿ ಹೋಟೆಲುಗಳು ಮಳೆಗಾಲದ ಅಣಬೆ ಹಾಗೆ ಏಳುತ್ತಿದ್ದವು. ಪರಿಚಯದ ಒಬ್ಬರು ಅಂಥದೊಂದು ಹೋಟೆಲಿನಲ್ಲಿ ಜನರೇಟರ್, ಪಂಪು ನೋಡಿಕೊಳ್ಳುವ ಕೆಲಸ ಕೊಡಿಸಿದರು. 2012ರಲ್ಲಿ ಹೋದೆ. ಸಂಬಳ ಚೆನ್ನಾಗಿತ್ತು, ಮೀನು ಸಿಗುತ್ತಿತ್ತು, ಬೇರೇನೂ ಯೋಚಿಸಲಿಲ್ಲ.

2013ರ ಡಿಸೆಂಬರ್ 15, ಭಾನುವಾರ ರಾತ್ರಿ. ಮೊದಲು ಪಟಾಕಿ ಅಂತಲೇ ಅಂದುಕೊಂಡೆ. ಅಧ್ಯಕ್ಷ ಸಾಲ್ವಾ ಕೀರ್ ಮತ್ತು ಮಾಜಿ ಉಪಾಧ್ಯಕ್ಷ ರಿಯಕ್ ಮಚಾರ್ ಇಬ್ಬರ ಜಗಳ ಸೈನ್ಯದೊಳಗೆ ಒಡೆದು, ಇಬ್ಬರ ಬುಡಕಟ್ಟು ನೋಡಿ, ಇವರು ಡಿಂಕಾ, ಅವರು ನುಯೆರ್ ಅಂತ ಮನೆ ಹುಡುಕಿ ಕೊಲ್ಲುವ ಮಟ್ಟಕ್ಕೆ ಹೋಯಿತು. ಹೋಟೆಲಿನ ಹಾಸಿಗೆ ಗೋಡೆಗೆ ಆನಿಸಿ ಅದರ ಹಿಂದೆ ಮೂರು ದಿನ ಕೂತೆವು. ಮಾಲೀಕರು ಸಿಕ್ಕ ವಿಮಾನ ಹತ್ತಿ ಹೋಗಿಯಾಗಿತ್ತು. ಲಾಕರಿನ ಬೀಗದ ಕೈ ಅವರ ಹತ್ತಿರ, ಎರಡು ತಿಂಗಳ ಸಂಬಳ ಬಾಕಿ.

ವಿಮಾನ ನಿಲ್ದಾಣದ ಪಕ್ಕ ಟಾಂಪಿಂಗ್ ಅಂತ ವಿಶ್ವಸಂಸ್ಥೆಯ ನೆಲೆ. ಅದರ ಬೇಲಿಯೊಳಗೆ ಸಾವಿರಗಟ್ಟಲೆ ಜನ, ಹೆಚ್ಚಿನವರು ನುಯೆರ್, ಓಡಿಬಂದು ಸೇರಿಕೊಂಡಿದ್ದರು. ಒಂದು ಪರಿಹಾರ ಸಂಸ್ಥೆಯ ಕೆನ್ಯಾದ ಎಂಜಿನಿಯರ್ ನಮ್ಮ ಹೋಟೆಲಿಗೆ ಬಂದು ಕೇಳಿದ್ದು ಒಂದೇ ಮಾತು: ಇಲ್ಲಿ ಪಂಪು ಓಡಿಸಲು ಗೊತ್ತಿರುವವರು ಯಾರಾದರೂ ಇದ್ದೀರಾ? ನಾನು ಕೈ ಎತ್ತಿದೆ. ಎರಡು ದಿನದ ಕೆಲಸ ಅಂದಿದ್ದರು. ಎಂಟು ವರ್ಷ ಆಯಿತು.

ಕೆಲಸ ಸುಲಭ. ನೈಲ್ ನದಿಯಿಂದ ಟ್ಯಾಂಕರಿನಲ್ಲಿ ನೀರು ಬರುತ್ತದೆ, ದೊಡ್ಡ ಟ್ಯಾಂಕಿಗೆ ಏರಿಸಬೇಕು, ಪಟಿಕ (ಆಲಂ) ಹಾಕಿ ಕೆಸರು ಕೂರಿಸಬೇಕು, ಕ್ಲೋರಿನ್ ಹಾಕಬೇಕು, ನಲ್ಲಿಗಳಿಗೆ ಬಿಡಬೇಕು. ಕ್ಲೋರಿನ್ ಮಾತ್ರ ಆ ಕೆನ್ಯಾದವರೇ ಹಾಕುತ್ತಿದ್ದರು. ಭಾಷೆ ನನಗೆ ಕಷ್ಟವೇ ಆಗಲಿಲ್ಲ. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು, ಬಸ್ಸಿನಲ್ಲಿ ಇನ್ನೊಂದು ಭಾಷೆ ಮಾತಾಡಿ ಬೆಳೆದ ಕಾಸರಗೋಡಿನವರಿಗೆ ಜೂಬಾ ಅರಬಿ ಏನು ಮಹಾ, ಅಲ್ವಾ?

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಉದ್ದವಾಗಿ ಹೇಳುತ್ತೇನೆ, ಸಹಿಸಿಕೊಳ್ಳಿ.

2014ರ ಮೇ 15ಕ್ಕೆ ಜೂಬಾದಲ್ಲಿ ಕಾಲರಾ ಇದೆ ಅಂತ ಸರ್ಕಾರ ಘೋಷಿಸಿತು. ಅದೇ ಹೊತ್ತಿಗೆ ಕೆನ್ಯಾದವರು ಒಂಬತ್ತು ದಿನ ರಜೆಯಲ್ಲಿ ಹೋದರು. ಕ್ಲೋರಿನ್ ಹೇಗೆ ಹಾಕಬೇಕು ಅಂತ ಚೀಟಿ ಬರೆದುಕೊಟ್ಟಿದ್ದರು. ನಾನು ಓದಲಿಲ್ಲ. ಯಾಕೆ ಓದಬೇಕು? ನಮ್ಮಲ್ಲಿ ಮನೆಮನೆಗೆ ಬಾವಿ, ವರ್ಷಾ ವರ್ಷ ಬ್ಲೀಚಿಂಗ್ ಪೌಡರ್ ಹಾಕಿ ಅಭ್ಯಾಸ. 1,000 ಲೀಟರಿಗೆ 2.5 ಗ್ರಾಂ, ರೋಗ ಇದ್ದರೆ 5 ಗ್ರಾಂ, ಇದು ಬಾಯಿಪಾಠ. ಹತ್ತು ಸಾವಿರ ಲೀಟರಿನ ಟ್ಯಾಂಕಿಗೆ 50 ಗ್ರಾಂ ತೂಗಿದೆ. ಹೆದರಿಕೆಗೆ ಮೇಲೊಂದು ಹಿಡಿ ಸೇರಿಸಿದೆ.

ಆದರೆ ಅಲ್ಲಿನ ಡ್ರಮ್ಮಿನಲ್ಲಿದ್ದದ್ದು ನಮ್ಮ ಬ್ಲೀಚಿಂಗ್ ಪೌಡರ್ ಅಲ್ಲ, ಎಚ್‌ಟಿಎಚ್ ಅನ್ನುವ ಇನ್ನೂ ಕಡುವಾದ ಕ್ಲೋರಿನ್ ಪುಡಿ. ನಮ್ಮದರಲ್ಲಿ ಕ್ಲೋರಿನ್ ಸುಮಾರು 30 ಪರ್ಸೆಂಟ್, ಪ್ಯಾಕೆಟ್ ತೆರೆದಿಟ್ಟರೆ ಇನ್ನೂ ಕಡಿಮೆ. ಅದರಲ್ಲಿ 70. ಡ್ರಮ್ಮಿನ ಮೇಲೆ ದೊಡ್ಡದಾಗಿ ಬರೆದಿತ್ತು ಮಾರಾಯ್ರೇ! ನನ್ನ 50 ಗ್ರಾಮಿಗೇ ಲೀಟರಿಗೆ 3.5 ಮಿಲಿಗ್ರಾಂ ಆಯಿತು, ಆ ಹಿಡಿ ಸೇರಿ ಎಷ್ಟಾಯಿತೋ. ನಲ್ಲಿಯಲ್ಲಿ ಉಳಿಯಬೇಕಾದ್ದು 0.5ರ ಆಸುಪಾಸು. ಸರಿಯಾದ ಕ್ರಮ ಅಂದರೆ ಮೂರ್ನಾಲ್ಕು ಬಕೆಟ್ ನೀರಿಗೆ ಬೇರೆ ಬೇರೆ ಅಳತೆಯಲ್ಲಿ ದ್ರಾವಣ ಹಾಕಿ, ಅರ್ಧ ಗಂಟೆ ಬಿಟ್ಟು, ಯಾವುದರಲ್ಲಿ ಬೇಕಾದಷ್ಟು ಉಳಿಯಿತು ನೋಡಿ, ಆ ಲೆಕ್ಕವನ್ನು ಟ್ಯಾಂಕಿಗೆ ಹಾಕುವುದು. ಚೀಟಿಯಲ್ಲಿ ಇದೇ ಇತ್ತು. ಪರೀಕ್ಷೆ ಮಾಡುವ ಮಾತ್ರೆ ಹಾಕಿದಾಗ ನೀರು ಕಡು ಗುಲಾಬಿ ಆಯಿತು, ಅಳತೆಪಟ್ಟಿಯಲ್ಲಿ ಇಲ್ಲದಷ್ಟು. ಬಣ್ಣ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ನಾನು ಖುಷಿಪಟ್ಟೆ.

ಇಷ್ಟೇ ಆಗಿದ್ದರೆ ಲೆಕ್ಕದ ತಪ್ಪು ಅನ್ನಬಹುದಿತ್ತು. ಮೂರನೇ ದಿನ ನಲ್ಲಿಯ ಮುಂದಿನ ಸಾಲು ಸಣ್ಣದಾಯಿತು. ನೀರು ಎಲ್ಲರಿಗೂ ಸಾಕಾಗುತ್ತಿದೆ ಅಂದುಕೊಂಡು, ಸಾಲು ಕಡಿಮೆಯಾಗಿದೆ ಅಂತ ಹೆಮ್ಮೆಯಿಂದ ವರದಿ ಬರೆದೆ. ದಿನಾ ಬರುತ್ತಿದ್ದ ಒಬ್ಬ ಹೆಂಗಸು ಹಳದಿ ಕ್ಯಾನು ನನ್ನ ಮುಂದೆ ಇಟ್ಟು 'ಮೋಯಾ ಬತಾಲ್' ಅಂದಳು. ನೀರು ಕೆಟ್ಟದು ಅಂತ. ನಾನು ನಗುತ್ತಾ ಔಷಧ, ಔಷಧ ಅಂದೆ. ಅವಳು ಕ್ಯಾನಿನ ನೀರನ್ನು ನನ್ನ ಕಾಲ ಬಳಿ ಚೆಲ್ಲಿ ಹೋದಳು.

ಆರನೇ ದಿನ ನೋಡುತ್ತೇನೆ, ಮಕ್ಕಳು ಕಕ್ಕಸುಗಳ ಹಿಂದಿನ ಹೊಂಡದಲ್ಲಿ ನಿಂತ ಮಳೆನೀರನ್ನು ಅದೇ ಹಳದಿ ಕ್ಯಾನುಗಳಿಗೆ ತುಂಬುತ್ತಿದ್ದಾರೆ. ನನ್ನ ನೀರಿನ ವಾಸನೆಗೆ ಅದೇ ವಾಸಿ ಅನಿಸಿತ್ತು.

ಆ ವಾರ ಆ ಸಾಲಿನ ಡೇರೆಗಳಿಂದ ಎಷ್ಟೋ ಜನರನ್ನು ಕಾಲರಾ ವಾರ್ಡಿಗೆ ಹೊತ್ತುಕೊಂಡು ಹೋದರು. ನನ್ನಿಂದಲೇ ಅಂತ ಯಾರೂ ಹೇಳಲಿಲ್ಲ, ಹೇಳಲು ಆಗುವುದೂ ಇಲ್ಲ. ಆ ವರ್ಷ ದೇಶದಲ್ಲಿ 6,000ಕ್ಕೂ ಹೆಚ್ಚು ಜನರಿಗೆ ಕಾಲರಾ ಬಂತು. ಅದರಲ್ಲಿ ನನ್ನ ಪಾಲು ಎಷ್ಟು ಅಂತ ಈಗಲೂ ರಾತ್ರಿ ಲೆಕ್ಕ ಹಾಕುತ್ತೇನೆ. ರಜೆಯಿಂದ ಬಂದವರು ಬೈಯಲಿಲ್ಲ. ಆ ಚೀಟಿಯನ್ನು ನನ್ನಿಂದ ಗಟ್ಟಿಯಾಗಿ ಓದಿಸಿದರು. ಆಮೇಲೆ ಆರು ತಿಂಗಳು ನನ್ನನ್ನು ಗೋದಾಮಿಗೆ ಹಾಕಿದರು. ಆ ಹೆಂಗಸು ಮತ್ತೆ ಆ ನಲ್ಲಿಗೆ ಬಂದದ್ದು ನಾನು ನೋಡಲಿಲ್ಲ.

ಆದ್ದರಿಂದ ನಿಮ್ಮ ಧೈರ್ಯದ ಪ್ರಶ್ನೆಯೇ ನನಗೆ ಹಿಡಿಸಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಧೈರ್ಯ ಬೇಕಾದವರು ಅಲ್ಲೇ ಇದ್ದಾರೆ. 2024ರಲ್ಲಿ ಜಗತ್ತಿನಾದ್ಯಂತ 383 ಪರಿಹಾರ ಕಾರ್ಯಕರ್ತರು ಕೊಲ್ಲಲ್ಪಟ್ಟರು ಅಂತ ವಿಶ್ವಸಂಸ್ಥೆ ಹೇಳಿದೆ, ಹೆಚ್ಚಿನವರು ಆಯಾ ದೇಶದವರೇ. ನಮ್ಮಂಥವರಿಗೆ ಹೊರಡಲು ವಿಮಾನ ಇರುತ್ತದೆ. 2016ರ ಜುಲೈಯಲ್ಲಿ ಜೂಬಾದಲ್ಲಿ ಮತ್ತೆ ಗುಂಡು ಹಾರಿದಾಗ ನಮ್ಮ ವಾಯುಪಡೆ ವಿಮಾನ ಕಳಿಸಿತು, ನಾನು ಹತ್ತಿದೆ, ತಿರುವನಂತಪುರದಲ್ಲಿ ಇಳಿದು ರೈಲು ಹಿಡಿದು ಮನೆಗೆ ಬಂದು ಗಂಜಿ ಉಂಡೆ. ನನ್ನ ಜೊತೆ ನಲ್ಲಿ ನೋಡಿಕೊಳ್ಳುತ್ತಿದ್ದ ಹುಡುಗರು ಬೇಲಿಯೊಳಗೇ ಉಳಿದರು. ಮೂರು ತಿಂಗಳಿಗೆ ನಾನು ವಾಪಸು ಹೋದೆ, ಅದು ಬೇರೆ ಮಾತು.

ಇನ್ನು ಕೋರ್ಸು. ಲಕ್ಷಗಟ್ಟಲೆ ಸಾಲ ಮಾಡಿ ವಿದೇಶದಲ್ಲಿ ಇದರದ್ದೇ ಮಾಸ್ಟರ್ಸ್ ಮಾಡುವುದು ಬೇಡ ಅಂತಲೇ ನನ್ನ ಅಭಿಪ್ರಾಯ. ಎಂಎಸ್‌ಡಬ್ಲ್ಯೂ ಇದೆಯಲ್ಲ, ಸಾಕು. ಕೈಗೆ ಒಂದು ಕೆಲಸ ಕಲಿಯಿರಿ. ಗೋದಾಮಿನ ಲೆಕ್ಕ, ಲಸಿಕೆ ಕೆಡದಂತೆ 2ರಿಂದ 8 ಡಿಗ್ರಿಯಲ್ಲಿ ಇಡುವುದು, ನೀರು, ಯಾವುದಾದರೂ. ಎರಡು ವರ್ಷ ಇಲ್ಲೇ ದುಡಿಯಿರಿ. ಮಳೆಗಾಲದಲ್ಲಿ ನಮ್ಮ ಕಡೆಯೇ ಪರಿಹಾರ ಶಿಬಿರ ತೆರೆಯುತ್ತಾರೆ, ಅಲ್ಲಿ ಅಕ್ಕಿ ಅಳೆದು ಕೊಡುವ ಸಾಲಿನಲ್ಲಿ ಒಂದು ದಿನ ನಿಂತು ನೋಡಿ. ಜೊತೆಗೆ ಅರಬಿ ಅಥವಾ ಫ್ರೆಂಚ್. ಆಮೇಲೆ ರಿಲೀಫ್‌ವೆಬ್ ತಾಣದಲ್ಲಿ ಜಾಹೀರಾತು ನೋಡಿ ಅರ್ಜಿ ಹಾಕಿ. ಸ್ವಂತ ಖರ್ಚಿನಲ್ಲಿ ಸ್ವಯಂಸೇವೆ ಅಂತ ಯಾರಾದರೂ ಕರೆದರೆ ಹೋಗಲೇಬೇಡಿ. ಪಾಸ್‌ಪೋರ್ಟನ್ನು ಯಾರ ಲಾಕರಿಗೂ ಕೊಡಬೇಡಿ.

ಈಗ ಊರಲ್ಲೇ ಇದ್ದೇನೆ, ಮತ್ತೆ ಪಂಪ್‌ಸೆಟ್ ರಿಪೇರಿ. ಹೋದ ತಿಂಗಳು ಆಶಾ ವರ್ಕರ್ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಲು ಬಂದಿದ್ದರು. ನಾನು ಪ್ಯಾಕೆಟ್ ತಿರುಗಿಸಿ ತಿರುಗಿಸಿ ಓದುವುದನ್ನು ನೋಡಿ ಅಮ್ಮ, "ಅದನ್ನು ಅವರ ಕೈಗೆ ಕೊಡು, ನೀನು ಅತ್ತ ನಿಲ್ಲು" ಅಂದರು. ಕೊಟ್ಟೆ.