ಸೂಕ್ಷ್ಮ ಚರ್ಮಕ್ಕೆ ಮನೆಯಲ್ಲೇ ಏನು ಮಾಡಿಕೊಳ್ಳಬಹುದು?

ಏನು ಹಚ್ಚಿದರೂ ಕೆಂಪಾಗುವ ಚರ್ಮಕ್ಕೆ ನಾನು ಮೊದಲು ಹೇಳುವುದು ಓಟ್ಸ್. ಬೇರೇನೂ ಬೆರೆಸದ ಎರಡು ಚಮಚ ಓಟ್ಸನ್ನು ನುಣ್ಣಗೆ ಪುಡಿ ಮಾಡಿ, ಉಗುರುಬೆಚ್ಚಗಿನ ನೀರಲ್ಲಿ ಕಲಸಿ. ಹತ್ತು ನಿಮಿಷ ಹಚ್ಚಿಕೊಂಡು ಮೆಲ್ಲಗೆ ತೊಳೆಯಿರಿ, ಉಜ್ಜಬೇಡಿ. ಅದರಲ್ಲಿರುವ ಅವೆನಾಂತ್ರಮೈಡ್ ಎಂಬ ಅಂಶ ಉರಿ, ತುರಿಕೆ ತಗ್ಗಿಸುತ್ತದೆ.

ನಿಂಬೆರಸ ಮಾತ್ರ ಬೇಡವೇ ಬೇಡ. ಹುಳಿಯನ್ನು ಅಳೆಯುವ ಪಿಎಚ್ ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಹೆಚ್ಚು; ಚರ್ಮದ ಪಿಎಚ್ ಸುಮಾರು 5, ನಿಂಬೆಯದ್ದು ಸುಮಾರು 2. ಅಷ್ಟು ಹುಳಿ ಈ ಚರ್ಮಕ್ಕೆ ಜಾಸ್ತಿಯೇ ಅಲ್ವಾ? ಹಚ್ಚಿಕೊಂಡು ಬಿಸಿಲಿಗೆ ಹೋದರೆ ಗುಳ್ಳೆ ಏಳಬಹುದು, ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಘಮಘಮ ಎನ್ನುವ ಎಸೆನ್ಷಿಯಲ್ ಆಯಿಲ್‌ಗಳನ್ನೂ ದೂರವಿಡಿ.

ಓಟ್ಸನ್ನೂ ನೇರ ಮುಖಕ್ಕೆ ಹಚ್ಚಬೇಡಿ. ಒಂದು ವಾರ ಮೊಣಕೈ ಒಳಭಾಗಕ್ಕೆ ದಿನಾ ಹಚ್ಚಿ ನೋಡಿ. ಪ್ರತಿಸಲ ಹೊಸದಾಗಿ ಕಲಸಿ. ನೀರು ಸೇರಿದ್ದನ್ನು ಎತ್ತಿಟ್ಟರೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ.