ನಾಲ್ಕು ಪ್ರಾಜೆಕ್ಟ್‌ಗೂ ಒಂದೇ ಲಿಂಟ್ ಸೆಟ್ಟಿಂಗ್ ಇಡೋದು ಹೇಗೆ?

ಮೈಸೂರಿನ ಹೆಬ್ಬಾಳದಲ್ಲಿ ಚಿಕ್ಕ ವೆಬ್ ತಂಡ, ನಾಲ್ಕು ಪ್ರಾಜೆಕ್ಟ್, ನಾಲ್ಕರಲ್ಲೂ ಇಎಸ್‌ಲಿಂಟ್ (ಜಾವಾಸ್ಕ್ರಿಪ್ಟ್ ಕೋಡಿನ ತಪ್ಪು ಹಿಡಿಯೋ ಟೂಲ್) ಸೆಟ್ಟಿಂಗ್ ಫೈಲ್ ಬೇರೆ ಬೇರೆ, ಒಂದೇ ಮಾಡೋದು ಹೇಗೆ ಅಂತ ಕೇಳಿದ್ದೀರಿ. ಸುಮ್ನೆ ಫೈಲ್ ಕಾಪಿ ಮಾಡಿ ಹಾಕಬೇಡಿ, ಸ್ವಲ್ಪ ದಿನದಲ್ಲೇ ಮತ್ತೆ ನಾಲ್ಕೂ ನಾಲ್ಕು ದಿಕ್ಕಿಗೆ ಹೋಗಿರುತ್ತವೆ.

ನಿಯಮಗಳನ್ನೆಲ್ಲ ಒಂದು ಪುಟ್ಟ ಪ್ಯಾಕೇಜ್ ಮಾಡಿ ಬೇರೆ ಗಿಟ್ ರೆಪೊದಲ್ಲಿ (ಕೋಡ್ ಇಡೋ ಜಾಗ) ಇಡಿ. 2024ರಲ್ಲಿ ಬಂದ 9ನೇ ಆವೃತ್ತಿಯಿಂದ ಇಎಸ್‌ಲಿಂಟ್‌ನಲ್ಲಿ ಫ್ಲ್ಯಾಟ್ ಕಾನ್ಫಿಗ್ಗೇ (ಸೆಟ್ಟಿಂಗನ್ನೆಲ್ಲ ಒಂದು ಪಟ್ಟಿಯಾಗಿ, ಅಂದರೆ ಅರೇ ಆಗಿ ಬರೆಯೋ ರೀತಿ) ಡಿಫಾಲ್ಟ್, ಹಾಗಾಗಿ ಪ್ಯಾಕೇಜ್ ಒಂದು ಅರೇ ಎಕ್ಸ್‌ಪೋರ್ಟ್ ಮಾಡಿದರೆ ಸಾಕು, ಪ್ರತಿ ಪ್ರಾಜೆಕ್ಟ್ ಅದನ್ನು ಇಂಪೋರ್ಟ್ ಮಾಡಿಕೊಂಡು ಕೆಳಗೆ ತನಗೆ ಬೇಕಾದ ಒಂದೆರಡು ನಿಯಮ ಸೇರಿಸಿಕೊಳ್ಳಬಹುದು. ಒಂದೇ ನಿಯಮ ಎರಡೂ ಕಡೆ ಇದ್ದರೆ ಕೆಳಗೆ ಬರೆದದ್ದೇ ಗೆಲ್ಲುತ್ತದೆ. ಎನ್‌ಪಿಎಂನಲ್ಲಿ (ಪ್ಯಾಕೇಜುಗಳ ಆನ್‌ಲೈನ್ ಸಂಗ್ರಹ) ಪಬ್ಲಿಷ್ ಮಾಡಲೇಬೇಕು ಅಂತೇನಿಲ್ಲ, ಗಿಟ್ ವಿಳಾಸವನ್ನೇ ಟ್ಯಾಗ್ (ಆವೃತ್ತಿಯ ಗುರುತು) ಸಮೇತ ಡಿಪೆಂಡೆನ್ಸಿಯಾಗಿ ಕೊಡಿ. ಆಗ ಯಾವ ಪ್ರಾಜೆಕ್ಟ್ ಯಾವಾಗ ಹೊಸ ನಿಯಮಕ್ಕೆ ಹೋಗಬೇಕು ಅನ್ನೋದು ನಿಮ್ಮ ಕೈಲಿರುತ್ತದೆ. ಇಎಸ್‌ಲಿಂಟನ್ನು ಮಾತ್ರ ಪಿಯರ್ ಡಿಪೆಂಡೆನ್ಸಿ (ಪ್ರಾಜೆಕ್ಟ್ ಹಾಕಿಕೊಂಡ ಪ್ರತಿಯನ್ನೇ ಪ್ಯಾಕೇಜೂ ಬಳಸೋದು) ಮಾಡಿ, ಇಲ್ಲದಿದ್ದರೆ ಎರಡು ಆವೃತ್ತಿ ಒಟ್ಟಿಗೆ ಬಂದು ಕೂರಬಹುದು.

ಸ್ಪೇಸು, ಸೆಮಿಕೋಲನ್ನಿನ ಜಗಳವನ್ನು ಕೋಡನ್ನು ಒಂದೇ ರೂಪಕ್ಕೆ ತರೋ ಟೂಲ್ ಆದ ಪ್ರೆಟಿಯರ್‌ಗೆ ಬಿಡಿ. ಲಿಂಟ್‌ನಲ್ಲಿ ನಿಜವಾದ ತಪ್ಪು ಹಿಡಿಯೋ ನಿಯಮ ಇರಲಿ: ಬಳಸದ ವೇರಿಯಬಲ್, ಎಲ್ಲೂ ಡಿಕ್ಲೇರ್ ಮಾಡದ ಹೆಸರು, ಅಂಥವು.

ಹಳೇ ಕೋಡ್ ಮೇಲೆ ಮೊದಲ ದಿನವೇ ಎಲ್ಲವನ್ನೂ ಎರರ್ ಮಾಡಬೇಡಿ. ಶುಕ್ರವಾರ ಸಂಜೆ ಮಂಡ್ಯದ ಬಸ್ಸು ಹಿಡಿಯೋ ಹೊತ್ತಿಗೆ ಪರದೆ ತುಂಬ ಕೆಂಪು ಬಂದರೆ ಯಾರಾದರೂ ಲಿಂಟ್ ನಿಲ್ಲಿಸೋ ಡಿಸೇಬಲ್ ಕಾಮೆಂಟ್ ಹಾಕಿಯೇ ಹೊರಡುತ್ತಾರೆ, ಅಲ್ವಾ? ಮೊದಲು ವಾರ್ನಿಂಗ್ ಇಡಿ. ಫಿಕ್ಸ್ ಆಯ್ಕೆ ಕೊಟ್ಟು, ತಾನಾಗೇ ಸರಿಯಾಗೋದನ್ನು ಒಂದು ಪ್ರತ್ಯೇಕ ಕಮಿಟ್‌ನಲ್ಲಿ ಮುಗಿಸಿ. ಉಳಿದದ್ದು ಕಡಿಮೆಯಾದ ಮೇಲೆ ಸಿಐನಲ್ಲಿ (ಕೋಡ್ ಪುಶ್ ಮಾಡಿದಾಗ ತಾನಾಗೇ ನಡೆಯೋ ಪರೀಕ್ಷೆ) ಮ್ಯಾಕ್ಸ್ ವಾರ್ನಿಂಗ್ಸ್ ಸೊನ್ನೆ ಮಾಡಿ, ಆಗ ಒಂದು ವಾರ್ನಿಂಗ್ ಇದ್ದರೂ ಫೇಲ್.