ಥೈರಾಯ್ಡ್ ಮಾತ್ರೆ ತಗೊಳ್ಳುವಾಗ ಗಂಟಲು ನೋವು, ಜ್ವರ ಬಂದರೆ ಕಾಯಬಹುದಾ?

ಸಿಂಧನೂರಿನಲ್ಲಿರುವ ನಿಮ್ಮ ಅಕ್ಕ ಕಾರ್ಬಿಮಜೋಲ್ ಶುರು ಮಾಡಿ ಒಂದೂವರೆ ತಿಂಗಳು, ಈಗ ಗಂಟಲು ನೋವು, ಜ್ವರ ಅಂದಿರಿ. ಬಿಸಿಲಿಗೆ ಬಂದಿದ್ದು ಅಂತ ಸುಮ್ನೆ ಕೂರಬೇಡಿ.

ಥೈರಾಯ್ಡ್ ಜಾಸ್ತಿ ಇರುವವರಿಗೆ ಕೊಡುವ ಈ ಮಾತ್ರೆ ಅಪರೂಪಕ್ಕೆ, ಹೆಚ್ಚಾಗಿ ಮೊದಲ 3 ತಿಂಗಳಲ್ಲಿ, ಬಿಳಿ ರಕ್ತಕಣಗಳನ್ನು ಏಕಾಏಕಿ ಇಳಿಸಿಬಿಡುತ್ತದೆ. ಅದರಲ್ಲೂ ನ್ಯೂಟ್ರೋಫಿಲ್‌ಗಳನ್ನು. ಬ್ಯಾಕ್ಟೀರಿಯಾ ಜೊತೆ ಮೊದಲು ಹೊಡೆದಾಡುವುದು ಇವೇ ಅಲ್ವಾ? ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು 500ಕ್ಕಿಂತ ಕಡಿಮೆಯಾದರೆ ಸಣ್ಣ ಸೋಂಕೂ ಮೈಯೆಲ್ಲಾ ಹರಡಿ ಜೀವಕ್ಕೆ ಕುತ್ತು ತರಬಹುದು.

ಮುಂದಿನ ಮಾತ್ರೆ ನಿಲ್ಲಿಸಿ. ಇವತ್ತೇ ಆಸ್ಪತ್ರೆಗೆ ಹೋಗಿ ಸಿಬಿಸಿ (ರಕ್ತಕಣ ಎಣಿಸುವ ಪರೀಕ್ಷೆ) ಮಾಡಿಸಿ, ಚೀಟಿಯಲ್ಲಿ ಡಿಫರೆನ್ಷಿಯಲ್ ಕೌಂಟ್ (ಬಿಳಿ ರಕ್ತಕಣಗಳಲ್ಲಿ ಯಾವ ಬಗೆಯವು ಎಷ್ಟು ಎಂಬ ಲೆಕ್ಕ) ಇರಲಿ. ಒಟ್ಟು ಕೌಂಟ್ ಒಂದೇ ನೋಡಿದರೆ ಸಾಲದು. ಮೆಡಿಕಲ್ ಶಾಪಿನ ಪ್ಯಾರಸಿಟಮಾಲ್‌ಗೆ ಜ್ವರ ಇಳಿದೀತು, ಕೌಂಟ್ ಏರುವುದಿಲ್ಲ. ರಿಪೋರ್ಟ್ ಸರಿಯಿದ್ದರೆ, ಡಾಕ್ಟರ್ ಹೇಳಿದ ಮೇಲೆ ಮಾತ್ರೆ ಮುಂದುವರಿಸಬಹುದು.